ಗೋಡೆಯ ಕಡೆ ತಿರುಗಿದ ಮುಖ

ಚೀನಾದ ಲುಜೌ ಊರಿನಿಂದ ಅಪ್ಪ ತಂದ ಸಾರಾಯಿಯ ಬಟ್ಟಲನ್ನು ಶುಯಾನ್ ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಕಡೆ ಮುಖ ತಿರುಗಿಸಿ ಕುಡಿದಳು. ಕೊರಿಯಾದ ಸಿಯೋಲ್ ನಗರದ ಆ ಪುಟ್ಟ ಹೋಟೆಲಿನಲ್ಲಿ ಅಪ್ಪನ ಮಾತು ಅರ್ಧಕ್ಕೇ ನಿಂತಿತು. ಇಲ್ಲಿನ ಹಾಡು-ಕುಣಿತದ ತಂಡ ಸೇರಿದ ಮಗಳನ್ನು ಅವನು ವೇದಿಕೆಯ ಮೇಲೆ ಕಂಡದ್ದು ಇವತ್ತೇ ಮೊದಲು.

"ಕೊರಿಯಾಕ್ಕೆ ಹೋಗ್ಬೇಡ ಅಂದಿದ್ದಕ್ಕೆ ಇನ್ನೂ ಸಿಟ್ಟೇನೇ?"

"ಅಯ್ಯೋ, ಇಲ್ಲಪ್ಪ! ಇಲ್ಲಿ ದೊಡ್ಡವರ ಎದುರು ಹೀಗೇ ಕುಡಿಯೋದು. ಅಭ್ಯಾಸ ಆಗ್ಬಿಟ್ಟಿದೆ."

"ಈ ಮರ್ಯಾದೆಯೆಲ್ಲ ನಿನ್ನ ಕಂಪನಿಯೋರಿಗಿರಲಿ. ಐದು ವರ್ಷದಿಂದ ಫೋನಲ್ಲೇ ನೋಡಿ ಸಾಕಾಗಿದೆ, ಈ ಕಡೆ ತಿರುಗು." ಅಪ್ಪ ಮತ್ತೆ ಬಟ್ಟಲು ತುಂಬಿದ.

ಶುಯಾನ್ ಅಪ್ಪನನ್ನೇ ನೋಡುತ್ತ ಕುಡಿದಳು. ವೇದಿಕೆಯ ಬಣ್ಣ ಇನ್ನೂ ಪೂರ್ತಿ ಅಳಿಸದ ಆ ಮುಖವನ್ನು ಒಂದು ಗಳಿಗೆ ದಿಟ್ಟಿಸಿದ ಅಪ್ಪ, ತನ್ನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೋಡೆಯ ಕಡೆ ತಿರುಗಿದ.