ಅರವತ್ತು ಜನ ಉಲ್ಲೇಖಿಸಿದ ಪುಸ್ತಕ

ಸೆಲಾಸಿಗೆ ಪುಸ್ತಕವೇನೋ ಸಿಕ್ಕಿತು, ಹಾಳೆ ಬಿಡಿಸಲು ಆಗಲಿಲ್ಲ. ಮಡಿಕೆಗಳು ಅಚ್ಚಾದ ದಿನ ಹೇಗಿದ್ದವೋ ಹಾಗೇ ಕೂಡಿಕೊಂಡಿದ್ದವು. ಹಳೇ ಕಾಲದ್ದು, ಮೊದಲು ಓದುವವರೇ ಚಾಕುವಿನಿಂದ ಸೀಳಿಕೊಳ್ಳಬೇಕು.

“ಅಲ್ಲ ಮಗಳೇ, ಇದನ್ನ ಯಾರೂ ಓದೇ ಇಲ್ವಲ್ಲ!” ಗ್ರಂಥಾಲಯದ ಮುದುಕ ಕೊಮ್ಲಾ, ತಾನು ಕಿತ್ತಳೆ ಸುಲಿಯುತ್ತಿದ್ದ ಚಾಕುವನ್ನು ಅಂಗಿಗೆ ಒರೆಸಿ ಕೊಟ್ಟ.

“ಬೇರೆ ಪ್ರತಿ ಓದಿರ್ತಾರೆ ತಾತ.”

“ಎಲ್ಲಿದೆ ಬೇರೆ ಪ್ರತಿ? ಆಕ್ರಾದಲ್ಲೂ ಇಲ್ಲ, ಲಂಡನ್ನಲ್ಲೂ ಇಲ್ಲ ಅಂತ ಆರು ತಿಂಗಳಿಂದ ನನ್ನ ತಲೆ ತಿಂದೋಳು ನೀನೇ ಅಲ್ವಾ?”

ಸೆಲಾಸಿ ಚಾಕುವನ್ನು ಮಡಿಕೆಯ ಅಂಚಿಗಿಟ್ಟಳು. ಲ್ಯಾಟಿನ್ನಿನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ; ಯಾಕೆ ಹೀಗೆ ಎಂಬುದೇ ಅವಳ ಪಿಎಚ್.ಡಿ. ಪ್ರಬಂಧ. ಐದು ವರ್ಷದ ದುಡಿಮೆಯೆಲ್ಲ ನಿಂತಿದ್ದು ಈ ಪುಸ್ತಕ ಬರೆದ ಪಾದ್ರಿ ಕ್ರಿಯಾಪದ ಎಲ್ಲಿದೆಯೆಂದು ನೋಡಿ ಎಣಿಸಿದನೆನ್ನುವ ಹತ್ತು ಸಾವಿರ ವಾಕ್ಯಗಳ ಮೇಲೆ. ಅರವತ್ತು ವಿದ್ವಾಂಸರು ಅದನ್ನು ಉಲ್ಲೇಖಿಸಿದ್ದರು. ಪುಟಸಂಖ್ಯೆ ಮಾತ್ರ ಒಬ್ಬರೂ ಕೊಟ್ಟಿರಲಿಲ್ಲ. ಪರೀಕ್ಷಕರು ಪಟ್ಟು ಹಿಡಿದಿದ್ದರು: ಮೂಲ ನೋಡಿ ಪುಟ ಬರೆ, ಸಿಗದಿದ್ದರೆ ಸಿಗಲಿಲ್ಲವೆಂದು ಗುರುಗಳ ಸಹಿ ಹಾಕಿಸು. ಎರಡೂ ಇಲ್ಲದಿದ್ದರೆ ಪದವಿ ಇಲ್ಲ. ಶುಕ್ರವಾರ ಕಡೆಯ ದಿನ.

ಸೀಳಿದಳು. ನಲವತ್ತೊಂದನೇ ಪುಟದಲ್ಲಿ ಪಾದ್ರಿ ಬರೆದಿದ್ದ: ‘ಇದು ನನ್ನ ಊಹೆ. ನಾನು ಎಣಿಸಿಲ್ಲ. ಬಿಡುವಿದ್ದವರು ಯಾರಾದರೂ ಎಣಿಸಲಿ.’ ಅಯ್ಯೋ ಪುಣ್ಯಾತ್ಮ! ಅವನದೇನೂ ತಪ್ಪಿಲ್ಲ ಬಿಡಿ. ಮುಂದಿನ ಕುರಿಯ ಬಾಲ ನೋಡಿಕೊಂಡು ಹಳ್ಳಕ್ಕೆ ಬಿದ್ದ ಮಂದೆಯದು.

ಪುಸ್ತಕ ಅವಚಿಕೊಂಡು ಗುರು ಅಮೆಗಾಶಿಯವರ ಕೋಣೆಗೆ ಓಡಿದಳು. ಅವರು ಪ್ರೊಫೆಸರಾಗಿದ್ದೂ ಇದೇ ಲೆಕ್ಕದಿಂದ. ಅವರು ಓದಿ, ಪುಸ್ತಕ ಮುಚ್ಚಿದರು.

“ಸರ್, ನೀವು ಇದನ್ನ ನೋಡಿರ್ಲಿಲ್ವಾ?”

“ನನ್ನ ಗುರುಗಳು ನೋಡಿದಾರೆ ಅಂದ್ಕೊಂಡಿದ್ದೆ. ಅವರೂ ಹಾಗೇ ಅಂದ್ಕೊಂಡಿರಬೇಕು.”

“ನಾನೇ ಎಣಿಸ್ತೀನಿ ಸರ್. ಒಂದು ವರ್ಷ ಕೊಡ್ಸಿ.”

“ಕೊಡ್ಸೋಕೆ ನಾನ್ಯಾರಮ್ಮ? ಶುಕ್ರವಾರ ದಾಟಿದ್ರೆ ನಿನ್ನ ಹೆಸರು ಹೊಡೆದು ಹಾಕ್ತಾರೆ. ನಿಜ ಬರೆದ್ರೆ ನಿನ್ನ ಜೊತೆ ನಾನೂ ಮುಳುಗ್ತೀನಿ. ಸಿಗಲಿಲ್ಲ ಅಂತ ಬರಿ, ಸಹಿ ಹಾಕ್ತೀನಿ.”

“ಕೊಮ್ಲಾ ತಾತ ನೋಡಿದಾನೆ.”

“ಮುಂದಿನ ತಿಂಗಳು ಅವನ ನಿವೃತ್ತಿ.”

ಸೆಲಾಸಿ ಪುಸ್ತಕ ವಾಪಸು ತೆಗೆದುಕೊಂಡಳು. “ಹಾಗಾದ್ರೆ ಪುಸ್ತಕ... ಬಚ್ಚಿಡ್ಲಾ ಸರ್?”

“ಛೆ! ಗ್ರಂಥಾಲಯದ ಪುಸ್ತಕ ಕದಿಯೋದಾ? ಅಷ್ಟು ಕೆಟ್ಟಿಲ್ಲ ನಾನು.” ಅವರು ಮೇಜಿನ ಡ್ರಾಯರು ತೋರಿಸಿದರು. “ಅಲ್ಲಿ ಗೋಂದಿದೆ, ತಗೋ. ಸೀಳಿದ ಅಂಚಿಗೆ ತೆಳ್ಳಗೆ ಹಚ್ಚು.”

ಸೆಲಾಸಿ ಹಚ್ಚಿದಳು.