ಸಕ್ಕರೆಯ ಗಂಡು

'ನನ್ನನ್ನು ಸ್ವಲ್ಪ ಎತ್ತರ ಮಾಡು' ಎಂದು ಕಲ್ಯಾಣಕುಮಾರ ಕಂಪ್ಯೂಟರಿನಲ್ಲಿ ಬರೆದು, ಯಾರಾದರೂ ಕಂಡರೇನೋ ಎಂದು ಹಿಂದೆ ತಿರುಗಿ ನೋಡಿದ. ಆಳಂದ ಬಸ್ ನಿಲ್ದಾಣದ ಎದುರಿನ ಅವನ ಅಂಗಡಿಗೆ ಝೆರಾಕ್ಸ್, ಲಗ್ನಪತ್ರಿಕೆಗಳ ಜೊತೆ ಈ ವರ್ಷ ಗೊಂಬೆ ಮುದ್ರಿಸುವ ಯಂತ್ರವೂ ಬಂದಿತ್ತು. ಒಂದು ಫೋಟೊ ಕೊಟ್ಟು ಬೇಕಾದ್ದು ಹೇಳಿದರೆ ಸಾಕು, ಫೋಟೊದಲ್ಲಿ ಕಾಣದ ಬೆನ್ನನ್ನೂ ಎಐ ತಾನೇ ಊಹಿಸಿ ಇಡೀ ಆಕಾರ ಕಟ್ಟಿಕೊಡುತ್ತಿತ್ತು. ಯಂತ್ರ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಪದರ ಪದರವಾಗಿ ಎಬ್ಬಿಸಿ ನಿಲ್ಲಿಸುತ್ತಿತ್ತು. ಇಷ್ಟು ದಿನ ಊರವರ ಮಕ್ಕಳು ಮರಿಗಳನ್ನು ಗೊಂಬೆ ಮಾಡಿಕೊಟ್ಟವನು ಇವತ್ತು ತನ್ನದೇ ನಿಶ್ಚಯದ ಫೋಟೊ ಕೊಟ್ಟಿದ್ದ.

ಗೌರಿ ಹುಣ್ಣಿಮೆ ಹತ್ತಿರ ಬಂದಿತ್ತು. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿ ಹೋಗಬೇಕು. ಪಾಕವನ್ನು ಅಚ್ಚಿಗೆ ಹೊಯ್ದು ತೆಗೆದ ಆನೆ, ಕುದುರೆ, ನವಿಲುಗಳನ್ನು ಹುಡುಗಿ ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗುತ್ತಾಳೆ. ಆಮೇಲೆ ಒಡೆದು ಓಣಿಗೆಲ್ಲ ಹಂಚಿ ತಾನೂ ತಿನ್ನುತ್ತಾಳೆ. ಅವನ ತಾಯಿ ಕಾಶಿಬಾಯಿಯ ಹತ್ತಿರ ಅತ್ತೆಯ ಕಾಲದ ಕಟ್ಟಿಗೆಯ ಅಚ್ಚುಗಳಿದ್ದವು. ಕಲ್ಯಾಣಕುಮಾರನಿಗೆ ಮಾತ್ರ ಆ ಆನೆ ಕುದುರೆಗಳ ನಡುವೆ ತಾವಿಬ್ಬರೂ ನಿಂತರೆ ಎಷ್ಟು ಚೆಂದ ಅನ್ನಿಸಿತ್ತು.

ಮೊದಲ ಸಲ ಎಐ ಇಬ್ಬರನ್ನೂ ಇದ್ದಂತೆಯೇ ತೋರಿಸಿತ್ತು. ನಿಶ್ಚಯವಾದ ಹುಡುಗಿ ಶೈಲಶ್ರೀ ಅವನಿಗಿಂತ ಎರಡು ಬೆರಳು ಎತ್ತರ. ನಿಶ್ಚಯದ ದಿನ ಅವನು ದಪ್ಪ ಅಟ್ಟೆಯ ಬೂಟು ಹಾಕಿಕೊಂಡೇ ಹೋಗಿದ್ದ; ಬೂಟನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬರಬೇಕಾಗುತ್ತದೆ ಎಂಬುದು ಪಾಪ ಅವನಿಗೆ ಹೊಳೆದಿರಲಿಲ್ಲ. ಅಂದಿನಿಂದ ಒಂದೇ ಚಿಂತೆ. ತನ್ನ ಪಕ್ಕ ನಿಲ್ಲಲು ಅವಳಿಗೆ ನಾಚಿಕೆಯಾದರೆ? ಫೋನಿನಲ್ಲಿ ತೊಗರಿ ಬೆಳೆಯ ಮಾತಾಗುತ್ತಿತ್ತು, ಅವಳ ಅಂಗನವಾಡಿ ಮಕ್ಕಳ ಮಾತಾಗುತ್ತಿತ್ತು, ಇದೊಂದು ಮಾತನ್ನು ಮಾತ್ರ ಅವನು ಎತ್ತುತ್ತಿರಲಿಲ್ಲ. ಈಗ ಎಐ, ಇಬ್ಬರನ್ನೂ ಎತ್ತರ ಮಾಡಲೇ ಎಂದು ಮರ್ಯಾದೆಯಿಂದ ಕೇಳಿತು. ಬೇಡ, ನನ್ನೊಬ್ಬನನ್ನೇ ಮಾಡು ಎಂದ. ಅದು ಎರಡು ಮಾತಾಡದೆ ಮಾಡಿತು. ಕೇಳದಿದ್ದರೂ ಭುಜ ಅಗಲ ಮಾಡಿ, ಮೀಸೆಯನ್ನೂ ದಟ್ಟಗೆ ಬೆಳೆಸಿತು. ಅದನ್ನು ಅವನು ತಿದ್ದಲು ಹೋಗಲಿಲ್ಲ.

ಮುದ್ರಿಸಿದ ಗೊಂಬೆಗಳ ಮೇಲೆ ಕೇಕ್ ಮಾಡುವವರು ಬಳಸುವ ರಬ್ಬರ್ ಹೊಯ್ದು ಅಚ್ಚು ತೆಗೆದ. ಕಾಶಿಬಾಯಿ ಹಾಲು ಹಾಕಿ ಕೊಳೆ ತೆಗೆದ ಬಿಸಿ ಪಾಕವನ್ನು ಅದರೊಳಗೆ ಸುರಿದಳು. ಆರಿದ ಮೇಲೆ ಬಿಚ್ಚಿದರೆ ಗೇಣುದ್ದದ ಗೊಂಬೆಗಳೆರಡು ಹಾಲಿನಂತೆ ಬೆಳ್ಳಗೆ ನಿಂತವು. ಕಾಶಿಬಾಯಿ ಹುಡುಗಿಯ ಜಡೆಯನ್ನು ಮೆಚ್ಚಿಕೊಂಡಳು. ಆಮೇಲೆ ಗಂಡಿನ ಗೊಂಬೆಯನ್ನು ಬೆಳಕಿಗೆ ಹಿಡಿದು, ಮಗನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾ ಹಡದದ್ದು ಇಷ್ಟ ಉದ್ದ ಇದ್ದಿಲ್ಲ ಬಿಡಪಾ."

"ಅದು ಮಷೀನ್ ಮಾಡ್ಯಾದ ಬೇ, ನಂದೇನದ ಅದ್ರಾಗ" ಎಂದು ಅವನು ಝೆರಾಕ್ಸ್ ಕಾಗದ ಜೋಡಿಸತೊಡಗಿದ. ಕಾಶಿಬಾಯಿ ಗೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ಹುಣ್ಣಿಮೆಯ ದಿನ ಮುಂಜಾನೆ ಹುಡುಗಿಯ ಊರಾದ ಮಾದನಹಿಪ್ಪರಗಾದ ಬಸ್ಸು ಹತ್ತಿದಳು. ಅವನಿಗೆ ಅಂದು ಕೆಲಸ ಕೈಗೆ ಹತ್ತಲಿಲ್ಲ. ಯಾರದೋ ಆಧಾರ್ ಕಾರ್ಡನ್ನು ತಲೆಕೆಳಗಾಗಿ ಝೆರಾಕ್ಸ್ ಮಾಡಿ ಬೈಸಿಕೊಂಡ. ಆ ಮನೆಯ ಹೆಂಗಸರು ಗೊಂಬೆ ನೋಡಿ ಏನಂದಾರು, ಅವಳು ಏನಂದಾಳು ಎಂದು ಮತ್ತೆ ಮತ್ತೆ ಎದುರಿನ ಬಸ್ ನಿಲ್ದಾಣದ ಕಡೆ ನೋಡುತ್ತಿದ್ದ.

ಹೊತ್ತು ಇಳಿಯುವಾಗ ಕಾಶಿಬಾಯಿ ಅಂಗಡಿಗೆ ಬಂದವಳು ಸಾವಕಾಶ ಚಪ್ಪಲಿ ಬಿಟ್ಟು, ಸಾವಕಾಶ ನೀರು ಕುಡಿದಳು. ಸೀರೆ ಒಪ್ಪಿತಂತೆ. ನವಿಲಿನ ಕೊಕ್ಕು ಬಸ್ಸಿನಲ್ಲಿ ಮುರಿದಿತ್ತಂತೆ. ಓಣಿಯ ಹೆಂಗಸರೆಲ್ಲ ಸಕ್ಕರೆಯ ಜೋಡಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರಂತೆ, ಎಂಥಾ ಭಾರಿ ಆಳು ಎಂದರಂತೆ. ಆ ಕೊನೆಯ ಮಾತು ಅವನ ಕಿವಿಗೆ ಹಿತವಾಗಲಿಲ್ಲ, ಚುಚ್ಚಿತು. ಹುಡುಗಿ ಏನಂದಳು ಎಂದು ಕೇಳಿದ.

"ಏನೂ ಅನ್ನಲಿಲ್ಲ. ಎರಡೂ ಗೊಂಬಿ ಬಾಜೂಕ ಬಾಜೂಕ ನಿಂದರ್ಸಿ ನೋಡಿದಳು. ಆಮ್ಯಾಲ ಎತ್ಕೊಂಡು ಒಳಗ ಹೋದಳು."

ಕಲ್ಯಾಣಕುಮಾರನ ಮುಖ ಸಣ್ಣದಾಯಿತು. ಮುಚ್ಚಿಡಬೇಕೆಂದ ಕುಂದನ್ನು ತಾನೇ ಬುಟ್ಟಿಯಲ್ಲಿಟ್ಟು ಅವಳ ಓಣಿಗೆ ಕಳಿಸಿದ ಹಾಗಾಯಿತಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ. ಅವಳಿಗೆ ಫೋನು ಮಾಡುವ ಧೈರ್ಯವಾಗದೆ ಅಂಗಡಿಯ ಬಾಗಿಲು ಎಳೆಯಲು ಎದ್ದ.

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಶೈಲಶ್ರೀ ಒಂದು ಫೋಟೊ ಕಳಿಸಿದ್ದಳು. ಆರತಿಯ ತಟ್ಟೆಯಲ್ಲಿ ಸಕ್ಕರೆಯ ಹುಡುಗಿ ಜಡೆ ಸಮೇತ ನೆಟ್ಟಗೆ ನಿಂತಿದ್ದಳು. ಅವಳ ಹೆಗಲಿಗೆ ಒರಗಿ, ಅವಳ ಕಿವಿಯ ಮಟ್ಟಕ್ಕೆ ತಲೆಯಿಟ್ಟು ನಿಂತಿದ್ದ ಹುಡುಗನಿಗೆ ಪಾದಗಳೇ ಇರಲಿಲ್ಲ. ಅಲ್ಲಿ ಹಲ್ಲಿನ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ ಅವಳು ಬರೆದಿದ್ದಳು:

"ಹೆಚ್ಚಿಗಿ ಇದ್ದಷ್ಟು ತಿಂದೀನ್ರಿ. ಈಗ ನಾ ಒಪ್ಪಿದ ಹುಡುಗ ಆಗ್ಯಾನ."