ಗಾಜಿನೊಳಗಿನ ಹೆಂಗಸು

ಪಾಲಾಕ್ಷ ರೂತಮ್ಮನ ಮನೆಯೊಳಗೆ ಹೋದ. ದೀಪ ಆರಿತು.

ಎದುರು ಜಗಲಿಯ ಕಂಬದ ಮರೆಯಲ್ಲಿ ನಿಂತು ಶಿವಗಂಗಮ್ಮ ನೋಡುತ್ತಿದ್ದಳು. ಮೊಸರು ಮಾರುವ ಮಲ್ಲಿಗಮ್ಮ ಅವಳ ತೋಳು ತಿವಿದಳು.

"ನಾ ಯೋಳಿದ್ರೆ ನಂಬ್ನಿಲ್ಲ. ಈಗ ನೀನೇ ಕಂಡ್ಯಲ್ಲ ಗಂಗವ್ವಾ. ಸುಕ್ರವಾರ ಸುಕ್ರವಾರ ಇದೇ ಆಟ ಕಣ. ನಿನ್ ಯಜಮಾನ್ರು ಒಳೀಕೋದ್ರು, ದೀಪ ಆರೋಯ್ತು."

"ಬಾಯ್ಮುಚ್ಚು ಮಲ್ಲಿಗವ್ವಾ."

ಮುಂದಿನದನ್ನು ನೋಡುವ ಧೈರ್ಯವಿಲ್ಲದೆ ಶಿವಗಂಗಮ್ಮ ಸೆರಗು ಎಳೆದುಕೊಂಡು ಮನೆಗೆ ಓಡಿದಳು. ಕಾಲು ತೊಳೆಯುವಷ್ಟರಲ್ಲಿ ಗಂಡನೂ ಬಂದ. ಬೆರಳ ತುದಿಯಲ್ಲಿ ಮಸಿ.

"ಯಾಕ್ ಗಂಗಾ, ಏದುಸಿರು ಬಿಡ್ತಿದ್ದೀ?"

"ನೀರು ಸೇದ್ತಿದ್ದೆ."

ಅವನು ಹಸಿದು ಉಂಡ. ಹಸಿವಾದದ್ದೂ ಅವಳಿಗೆ ತಪ್ಪಾಗಿಯೇ ಕಂಡಿತು.

ಹೊಳೆನರಸೀಪುರದ ಪೇಟೆಬೀದಿಯಲ್ಲಿ ಪಾಲಾಕ್ಷನದು ಪುಟ್ಟ ಫೋಟೋ ಸ್ಟುಡಿಯೋ. ಶಿವಗಂಗಮ್ಮ ಅದರ ಹೊಸಿಲು ತುಳಿದವಳಲ್ಲ; ಮನೆಯ ಹೆಂಗಸರು ಅಂಗಡಿಗೆ ಹೋಗುವ ರೂಢಿ ಅತ್ತೆಯ ಕಾಲದಿಂದಲೂ ಇರಲಿಲ್ಲ. ಅವಳು ಕಂಡದ್ದು ಕಟ್ಟು ಹಾಕಿಸಿದ ಪಟಗಳನ್ನು ಮಾತ್ರ.

ಸ್ಟುಡಿಯೋದ ಹಿಂದಿನ ಓಣಿಗೆ, ಎರಡನೇ ಮಹಾಯುದ್ಧ ಶುರುವಾದ ವರ್ಷ, ರೂತ್ ಬಂದು ಸೇರಿದ್ದಳು. ಜರ್ಮನಿಯಿಂದ ಜೀವ ಉಳಿಸಿಕೊಂಡು ಓಡಿಬಂದ ಯಹೂದಿ ಹೆಂಗಸು. ಆಸ್ಪತ್ರೆಯಲ್ಲಿ ಕೆಲಸ. ಊರವರ ಬಾಯಲ್ಲಿ ರೂತಮ್ಮ. ಒಣಹುಲ್ಲಿನ ಬಣ್ಣದ ಕೂದಲು, ಬೆಕ್ಕಿನ ಕಣ್ಣು. ಈಚೆಗೆ ಸೀರೆಯನ್ನೂ ಉಡುತ್ತಿದ್ದಳು.

ಅವಳು ಜೊತೆಗೆ ತಂದದ್ದು ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಬೆಳ್ಳಿಯ ಬಟ್ಟಲು, ಮೇಣದ ಬತ್ತಿ ನಿಲ್ಲಿಸುವ ಎರಡು ಕಂಬ, ಮಾಸಿದ ಪಟಗಳು. ಉದ್ದ ಗಡ್ಡದ ತಾತ, ತಲೆಗೆ ವಸ್ತ್ರ ಕಟ್ಟಿದ ತಾಯಿ, ಹಬ್ಬದ ಊಟಕ್ಕೆ ಕೂತ ಇಡೀ ಮನೆತನ.

"ಅವರ ಮನೆ, ಅವರ ಗುಡಿ, ಎಲ್ಲಾ ಸುಟ್ಟಾಕವ್ರಂತೆ ಕಣೆ," ಎಂದು ಪಾಲಾಕ್ಷ ಒಮ್ಮೆ ಹೇಳಿದ್ದ. "ಉಳಿದಿರೋದು ಇವೇ. ಪೂರಾ ಮಾಸೋಕೆ ಮುಂಚೆ ಒಂದೊಂದನ್ನೂ ಹೊಸದಾಗಿ ತೆಗೆದುಕೊಡ್ತಿದ್ದೀನಿ. ಪಾಪ, ಅವಳಪ್ಪನೂ ಪಟ ತೆಗೆಯೋನಂತೆ, ಇವಳು ಮಾಸಿದ್ದನ್ನ ತಿದ್ದೋಳಂತೆ."

"ನಮ್ಮವ್ವನ ಪಟ ಏನಾಯ್ತು?"

"ನೋಡಾಣ ಇರು."

ಎರಡು ವರ್ಷದಿಂದ ಅದೇ ಮಾತು. ಶಿವಗಂಗಮ್ಮನ ತಾಯಿ ನೀಲಗಂಗಮ್ಮ ಮಲ್ಲಿಪಟ್ಟಣದಲ್ಲಿ ತೀರಿಕೊಂಡಾಗ ಉಳಿದದ್ದು ಒಂದೇ ಒಂದು ಪಟ. ಎಣ್ಣೆಗಪ್ಪು ಮೈಬಣ್ಣದ, ವಿಭೂತಿ ಧರಿಸದೆ ನೀರನ್ನೂ ಮುಟ್ಟದ ಅವ್ವ. ಆ ಪಟದ ಕಣ್ಣು ಬಾಯಿಗಳನ್ನು ಗೆದ್ದಲು ತಿಂದಿತ್ತು. ಸರಿಮಾಡಿಸಲೆಂದು ಗಂಡನ ಕೈಗೆ ಕೊಟ್ಟದ್ದು ಮತ್ತೆ ಮನೆಗೆ ಬರಲೇ ಇಲ್ಲ. ಅವಳವ್ವನಿಗೆ ಮರುಜನ್ಮ, ನಮ್ಮವ್ವನಿಗೆ ಗೆದ್ದಲು! ಶಿವಗಂಗಮ್ಮ ಒಲೆಯ ಮುಂದೆ ಒಬ್ಬಳೇ ಗೊಣಗುತ್ತಿದ್ದಳು.

ಸಾಲದ್ದಕ್ಕೆ ಆ ಹೆಂಗಸು ಎದುರಾದಾಗಲೆಲ್ಲ ನಿಂತು ಇವಳ ಮುಖವನ್ನೇ ನೋಡುತ್ತಿದ್ದಳು. ಸಂತೆಯಲ್ಲಿ ಎಮ್ಮೆ ನೋಡುವಂತೆ, ಕಣ್ಣು, ತುಟಿ, ಗಲ್ಲ ಎಲ್ಲವನ್ನೂ. ಆಮೇಲೊಂದು ನಸುನಗೆ. ಇವಳಿಗೆ ಜ್ವರ ಬಂದಾಗ ಕಿತ್ತಳೆಹಣ್ಣು ಕಳಿಸಿದ್ದಳು. ಶಿವಗಂಗಮ್ಮ ಅವನ್ನು ಹಸುವಿನ ಬಾನಿಗೆ ಸುರಿದಿದ್ದಳು.

ಶನಿವಾರ ಗಂಡನ ಪೆಟ್ಟಿಗೆಯಲ್ಲಿ, ಮಡಿಸಿದ ಪಂಚೆಗಳ ಅಡಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಗಾಜಿನ ಹಲಗೆ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದಳು.

ಸೀರೆಯುಟ್ಟು ಕೂತ ಹೆಂಗಸು. ಬೆಳ್ಳನೆಯ ಮುಖ. ಬೆಳ್ಳನೆಯ ಕೂದಲು. ಬೆಕ್ಕಿನ ಕಣ್ಣು. ಹಣೆಯ ಮೇಲೆ ಅಡ್ಡಡ್ಡ ಮೂರು ಕಪ್ಪು ಗೆರೆ, ಗಾಜು ಗೀರಿರಬೇಕು. ಗೀರಿದರೂ ಎಸೆಯಲು ಮನಸ್ಸು ಬಂದಿಲ್ಲ ಮಹಾರಾಯನಿಗೆ!

ಹಿತ್ತಿಲಿಗೆ ಒಯ್ದು ಒರಳುಕಲ್ಲಿನ ಮೇಲೆ ಅಪ್ಪಳಿಸಿದಳು.

ಭಾನುವಾರ ಬೆಳಿಗ್ಗೆ ಪಾಲಾಕ್ಷ ರೂತಮ್ಮನನ್ನು ಕರೆದುಕೊಂಡೇ ಬಂದ. ಅವನ ಹೆಗಲ ಮೇಲೆ ಕ್ಯಾಮೆರಾದ ಕಪ್ಪುಬಟ್ಟೆ. ಅವಳ ಕೈಯಲ್ಲಿ ಪಟವಿಲ್ಲದ ಖಾಲಿ ಕಟ್ಟು. ಶಿವಗಂಗಮ್ಮ ಬಾ ಎನ್ನಲಿಲ್ಲ. ಅವನು ನಗುನಗುತ್ತ ಒಳಗೆ ಹೋಗಿ ಪೆಟ್ಟಿಗೆ ತಡಕಿದ. ಬಂದಾಗ ನಗು ಇರಲಿಲ್ಲ.

"ಗಂಗಾ, ಇಲ್ಲೊಂದು ಗಾಜು ಇತ್ತಲ್ಲ?"

"ಒರಳುಕಲ್ ತಾವ ಬಿದ್ದೈತೆ. ನಿಮ್ಮಿಬ್ರ ಗಾಜು, ನೀವಿಬ್ರೇ ಆಯ್ಕೊಳ್ಳಿ. ದೀಪ ಆರಿಸ್ಕಂಡು ಏನ್ ಮಾಡ್ತಿದ್ರಿ ಅಂತ ಊರೇ ನೋಡೈತೆ!"

ಮಾತಾಡಿದವಳು ರೂತಮ್ಮ, ಒಂದೊಂದೇ ಪದ ಹುಡುಕಿ.

"ಶುಕ್ರವಾರ ಸೂರ್ಯ ಮುಳುಗಿದರೆ ನಮಗೆ ದೇವರ ದಿನ. ಬೆಂಕಿ ಮುಟ್ಟಬಾರದು. ದೀಪ ಆರಿಸಿ ಅಂತ ಕೇಳಲೂ ಬಾರದು. ನಿಮ್ಮ ಯಜಮಾನರು ಕೇಳದೆ ಬರುತ್ತಾರೆ. ಆರಿಸುತ್ತಾರೆ. ಹೋಗುತ್ತಾರೆ."

ಬೆರಳ ತುದಿಯ ಮಸಿ ಶಿವಗಂಗಮ್ಮನ ಕಣ್ಣಿಗೆ ಕಟ್ಟಿತು. ಆದರೂ ಸೋಲಲಿಲ್ಲ. "ಅಂಗಾದ್ರೆ ಗಾಜಲ್ಲಿ ಕೂತಿದ್ದೋಳು ಯಾರು?"

ರೂತಮ್ಮ ಹಿತ್ತಿಲಿಗೆ ನಡೆದು ಕುಕ್ಕರುಗಾಲಲ್ಲಿ ಕೂತಳು. ಅಭ್ಯಾಸವಿದ್ದವಳಂತೆ, ಬೆರಳು ಕೊಯ್ಯದ ಹಾಗೆ, ಚೂರು ಆಯತೊಡಗಿದಳು. "ಗುಡಿ ಸುಟ್ಟ ರಾತ್ರಿ ನಮ್ಮ ಬೀದಿ ತುಂಬ ಒಡೆದ ಗಾಜು. ಹೀಗೇ ಆಯ್ದಿದ್ದೆವು," ಎಂದಳು, ಯಾರಿಗೂ ಅಲ್ಲದಂತೆ. ಪಾಲಾಕ್ಷ ಕಪ್ಪುಬಟ್ಟೆ ಹಾಸಿದ. ಅದರ ಮೇಲೆ ಚೂರಿಗೆ ಚೂರು ಕೂಡಿಸಿದಳು.

"ಗಾಜಿನ ಮೇಲೆ ಎಲ್ಲಾ ತಿರುಗಾಮುರುಗಾ ಗಂಗಾ," ಎಂದ ಪಾಲಾಕ್ಷ. "ಕಪ್ಪಿದ್ದದ್ದು ಬೆಳ್ಳಗೆ, ಬೆಳ್ಳಗಿದ್ದದ್ದು ಕಪ್ಪಗೆ. ಕಪ್ಪುಬಟ್ಟೆ ಮೇಲಿಟ್ರೆ ಸರಿಯಾಗಿ ಕಾಣ್ತದೆ. ಇವತ್ತು ನಿಂಗೆ ತೋರ್ಸಿ, ಪಟ ಮಾಡಿ ಈ ಕಟ್ಟಿಗೆ ಹಾಕ್ಕೊಡಾಣ ಅಂತಿದ್ದೆ."

"ಹಳೇ ಪಟದಲ್ಲಿ ಕಣ್ಣು, ಬಾಯಿ ಇರಲಿಲ್ಲ," ಎಂದಳು ರೂತಮ್ಮ. "ನಿಮ್ಮನ್ನು ನೋಡಿ ನೋಡಿ ಬರೆದೆ."

ಅವಳು ಬಟ್ಟೆಯನ್ನು ಮೆಲ್ಲಗೆ ಬಿಸಿಲಿಗೆ ಓರೆಮಾಡಿದಳು. ಬಿಳಿಯ ಕೂದಲು ಕಪ್ಪಾಯಿತು, ಬಿಳಿಯ ಮುಖ ಎಣ್ಣೆಗಪ್ಪಾಯಿತು, ಹಣೆಯ ಮೂರು ಕಪ್ಪು ಗೆರೆಗಳು ವಿಭೂತಿಯಾಗಿ ಬೆಳಗಿದವು. ಚೂರುಚೂರಾದ ನೀಲಗಂಗಮ್ಮ ಮಗಳನ್ನೇ ನೋಡುತ್ತಿದ್ದಳು.